ಹೊಂಗಡಹಳ್ಳಕ್ಕೆ ನಾಲ್ಕು ಸೈಕಲ್ಲು

ಸೈಕಲ್ಲುಗಳನ್ನು ಲಾರಿಯಿಂದ ಇಳಿಸಿದಾಗ ನಾವು ನಾಲ್ವರು ಆಲೂರಿನ ಬ್ಲಾಕ್ ಆಫೀಸಿನ ಉಗ್ರಾಣದ ಮುಂದೆ ನಿಂತಿದ್ದೆವು. ನಡುವೆ ಅಡ್ಡಕಂಬಿಯಿಲ್ಲದ ಹೆಂಗಸರ ಸೈಕಲ್ಲುಗಳು. ಸೀರೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಗೆ ಬಲೆ, ಚೈನಿಗೆ ತಗಡಿನ ಮುಚ್ಚಳ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಗ್ರಾಮಸೇವಕಿಯರು. ಹಳ್ಳಿಗಳಲ್ಲಿ ಹೊಗೆಯಿಲ್ಲದ ಒಲೆ ಕಟ್ಟಿಸುವುದು, ಬಾಣಂತಿಯರ ಮತ್ತು ಮಕ್ಕಳ ಆರೈಕೆ ಹೇಳಿಕೊಡುವುದು ನಮ್ಮ ಕೆಲಸ. ಅಲ್ಲಿಯವರೆಗೆ ಬಸ್ಸು ನಂಬಿಕೊಂಡು ಓಡಾಡುತ್ತಿದ್ದೆವು. ಬಸ್ಸಿಳಿದು ಹಳ್ಳಿಗೆ ನಡೆದು, ಒಲೆಗೆ ಮಣ್ಣು ಕಲೆಸುವ ಹೊತ್ತಿಗೆ ವಾಪಸು ಬರುವ ಬಸ್ಸಿನ ಸಮಯವಾಗುತ್ತಿತ್ತು. ಎಷ್ಟೋ ಮನೆಗಳಲ್ಲಿ ಅರ್ಧ ಕಟ್ಟಿದ ಒಲೆ ಬಿಟ್ಟು ಓಡಿ ಬಂದಿದ್ದೆವು.

ನಮ್ಮ ಬ್ಲಾಕಿನ ಅಧಿಕಾರಿಗಳಿಗೆ ಸೈಕಲ್ಲಿನ ಮೇಲೆ ನಂಬಿಕೆಯಿರಲಿಲ್ಲ. ಕೆಟ್ಟ ಮನುಷ್ಯರಲ್ಲ, ಅನುಮಾನದ ಮನುಷ್ಯರು.

"ನೋಡಮ್ಮ, ನಾಲ್ಕೂ ಜನ ಸಕಲೇಶಪುರದ ಆಚೆ, ಬೆಟ್ಟದ ಮೇಲಿನ ಹೊಂಗಡಹಳ್ಳದ ತನಕ ಹೋಗಿ ಬನ್ನಿ. ದಾರಿಯಲ್ಲಿ ಹೇಳಿದ ಊರುಗಳಲ್ಲಿ ಕೆಲಸ ಮುಗಿಸಿ. ಒಂದು ಸೈಕಲ್ಲಾದರೂ ಬಸ್ಸಿನ ಮೇಲೆ ಹತ್ತಿ ವಾಪಸು ಬಂತು ಅಂದರೆ ನಾಲ್ಕನ್ನೂ ಉಗ್ರಾಣಕ್ಕೆ ಸೇರಿಸ್ತೀನಿ. ಆಮೇಲೆ ನನ್ನ ಕೇಳಬೇಡಿ" ಎಂದರು.

ನಾಲ್ವರಲ್ಲಿ ನಾನು ಹಿರಿಯಳು, ಹಾಗಾಗಿ ತಂಡದ ಜವಾಬ್ದಾರಿ ನನ್ನದು. ಇನ್ನೊಬ್ಬಳು ದಾದಿ. ಹೆರಿಗೆಯ ತರಬೇತಿ ಪಡೆದವಳು, ದಪ್ಪ ಮೈ, ಅವಸರವೆಂದರೆ ಏನೆಂದೇ ಗೊತ್ತಿಲ್ಲದವಳು. ಮೂರನೆಯವಳನ್ನು ನಾವು ಉದ್ದನೆಯವಳು ಎನ್ನುತ್ತಿದ್ದೆವು. ಅಣ್ಣಂದಿರ ಸೈಕಲ್ಲಿನಲ್ಲೇ ಬೆಳೆದವಳು, ಕೈ ಬಿಟ್ಟು ತುಳಿಯಬಲ್ಲವಳು. ನಾಲ್ಕನೆಯವಳು ಆಲೂರಿನ ಹತ್ತಿರದ ಹಳ್ಳಿಯ ಹೊಸಬಳು. ಕೆಲಸಕ್ಕೆ ಸೇರಿ ಎರಡು ತಿಂಗಳು, ಸೈಕಲ್ ಕಲಿಯಲು ಶುರುಮಾಡಿಯೂ ಅಷ್ಟೇ. ಎದುರಿಗೆ ಎತ್ತಿನಗಾಡಿ ಕಂಡರೂ ಇಳಿದು ನಿಲ್ಲುತ್ತಿದ್ದಳು.

ಸಾಲಿನ ಕ್ರಮವನ್ನು ನಾನೇ ಹಾಕಿದೆ. ದಾರಿ ನೋಡಲು ಉದ್ದನೆಯವಳು ಮುಂದೆ, ಆಮೇಲೆ ಹೊಸಬಳು, ಅವಳ ಹಿಂದೆ ದಾದಿ, ಕೊನೆಗೆ ನಾನು. ಹಿಂದಿನಿಂದ ಲಾರಿ ಬಂದರೆ ನಾನು ಬೆಲ್ಲನ್ನು ಎರಡು ಸಲ ಹೊಡೆಯಬೇಕು, ಎಲ್ಲರೂ ಎಡಕ್ಕೆ ಸರಿಯಬೇಕು. ನಿಲ್ಲಬೇಕಾದರೆ ಬಿಡದೆ ಹೊಡೆಯಬೇಕು. ಹೊರೆಯನ್ನೂ ಹಂಚಿಕೊಂಡೆವು. ಒಲೆಯ ಕಬ್ಬಿಣದ ಅಚ್ಚು ನನ್ನ ಕ್ಯಾರಿಯರ್ ಮೇಲೆ, ಹೊಗೆ ಹೋಗುವ ತಗಡಿನ ಕೊಳವೆಗಳು ಉದ್ದನೆಯವಳ ಮೇಲೆ, ಔಷಧದ ಪೆಟ್ಟಿಗೆ ದಾದಿಯ ಮೇಲೆ, ಪಾತ್ರೆ ಅಕ್ಕಿ ಹೊಸಬಳ ಮೇಲೆ. ಹಾಸಿಗೆ ಸುರುಳಿ ಅವರವರದು ಅವರವರಿಗೆ.

ಸಕಲೇಶಪುರದ ತನಕದ ದಾರಿ ನಮಗೆ ಪಾಠಶಾಲೆಯಾಯಿತು. ಚಳಿಗಾಲದ ಮಂಜಿಗೆ ಬೆಳಿಗ್ಗೆ ಹ್ಯಾಂಡಲ್ ಹಿಡಿದರೆ ಬೆರಳು ಮರಗಟ್ಟುತ್ತಿತ್ತು. ಹೊತ್ತೇರಿದ ಮೇಲೆ ಧೂಳು. ಕಾಫಿ ಕೊಯ್ಲಿನ ಕಾಲವಾದ್ದರಿಂದ ಮೂಟೆ ತುಂಬಿದ ಲಾರಿಗಳು ಬಿಡುವಿಲ್ಲದೆ ಓಡಾಡುತ್ತಿದ್ದವು. ಸೀರೆಯನ್ನು ಕಚ್ಚೆ ಹಾಕಿ ಉಟ್ಟರೆ ತುಳಿಯಲು ಸಲೀಸು ಎಂದು ಮೊದಲ ದಿನವೇ ಗೊತ್ತಾಯಿತು. ಏರಿನಲ್ಲಿ ಇಳಿದು ತಳ್ಳುವಾಗ ಸೈಕಲ್ಲಿನ ಎಡಗಡೆಗೇ ನಿಲ್ಲಬೇಕು, ಇಲ್ಲದಿದ್ದರೆ ಮುಚ್ಚಳದ ಸಂದಿನಿಂದ ಚೈನಿನ ಎಣ್ಣೆ ಸೀರೆಗೆ ಬಳಿಯುತ್ತದೆ ಎಂಬುದು ಎರಡು ಸೀರೆ ಹಾಳಾದ ಮೇಲೆ ಗೊತ್ತಾಯಿತು. ತೊಡೆಯ ಸಂದು ಉಜ್ಜಿ ಹುಣ್ಣಾಗುತ್ತಿತ್ತು. ದಾದಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಕೊಟ್ಟಳು. ಮಿಕ್ಕಿದ್ದು ಚೈನಿಗೆ.

ರಾತ್ರಿ ತಂಗಲು ಶಾಲೆಯ ಜಗಲಿಯೋ ಯಾರದಾದರೂ ಮನೆಯೋ ಸಿಗುತ್ತಿತ್ತು. ಬೆಳಿಗ್ಗೆ ಎದ್ದವರು ಹೆಬ್ಬೆರಳಿನಿಂದ ಗಾಲಿ ಒತ್ತಿ ನೋಡಿ ಗಾಳಿ ಹಾಕುತ್ತಿದ್ದೆವು. ಒಬ್ಬಳು ಗಂಜಿ ಬೇಯಿಸಿದರೆ ಇನ್ನೊಬ್ಬಳು ಪಂಕ್ಚರ್ ಟ್ಯೂಬನ್ನು ಬೋಗುಣಿ ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದಳು. ಅದೇ ಬೋಗುಣಿಯಲ್ಲಿ ಆಮೇಲೆ ಅಕ್ಕಿ ತೊಳೆಯುವುದಕ್ಕೆ ಮೊದಮೊದಲು ದಾದಿ ಒಪ್ಪಲಿಲ್ಲ. ಆಮೇಲಾಮೇಲೆ ಅವಳೂ ಸುಮ್ಮನಾದಳು.

ನನಗೆ ಸಕಲೇಶಪುರದಲ್ಲಿ ತಿಂಗಳ ಮುಟ್ಟು ಬಂತು. ಅದನ್ನು ಯಾವ ಆಫೀಸಿನ ಕಾರ್ಯಕ್ರಮದಲ್ಲೂ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ದಾದಿ ಏನೂ ಕೇಳದೆ ನನ್ನ ಕ್ಯಾರಿಯರಿನಿಂದ ಒಲೆಯ ಅಚ್ಚನ್ನು ಬಿಚ್ಚಿ ತನ್ನದಕ್ಕೆ ಕಟ್ಟಿಕೊಂಡಳು.

ಅಲ್ಲಿ ಹೇಮಾವತಿ ಸೇತುವೆಯ ಹತ್ತಿರ ಒಬ್ಬ ಸಾಹೇಬರ ಸೈಕಲ್ ಅಂಗಡಿಯಿತ್ತು. ನಾಲ್ವರು ಹೆಂಗಸರು ಸಾಲಾಗಿ ಬಂದು ನಿಂತದ್ದನ್ನು ಕಂಡು ಅವರು ಬೀಡಿ ಬಿಸಾಕಿ ಎದ್ದರು.

"ಎಲ್ಲಿಗಮ್ಮಾ ಸವಾರಿ?"

"ಹೊಂಗಡಹಳ್ಳಕ್ಕೆ."

"ಯಾ ಅಲ್ಲಾ! ಆ ರೋಡಿಗೆ ಈ ಬ್ರೇಕ್ ರಬ್ಬರಾ? ಬಿಡಿ ಇಲ್ಲಿ, ಬೇರೆ ಹಾಕ್ಕೊಡ್ತೀನಿ. ಇಳಿಜಾರಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡೀಬೇಡಿ, ತಲೆಕೆಳಗಾಗಿ ಬೀಳ್ತೀರ. ಹಿಂದಿನ್ದು ಹಿಡ್ಕಂಡು ಬಿಡ್ಕಂಡು ಹೋಗಿ."

ಹೊಸಬಳು ಅವರ ಮಾತನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಹಿಂದಿನ ಬ್ರೇಕನ್ನು ಹಿಡಿದು ಬಿಟ್ಟು ಮಾಡುತ್ತಿದ್ದಳು. ಉದ್ದನೆಯವಳು ನಕ್ಕಳು.

ಆನೇಮಹಲ್ ಕಳೆದ ಮೇಲೆ ದೊಡ್ಡ ರಸ್ತೆ ಬಿಟ್ಟು ಬೆಟ್ಟದ ದಾರಿ ಹಿಡಿದೆವು. ಅಲ್ಲಿಂದ ಎಲ್ಲವೂ ಬದಲಾಯಿತು. ಟಾರು ಹೋಗಿ ಜಲ್ಲಿ, ಜಲ್ಲಿ ಹೋಗಿ ಮಣ್ಣು. ತುಳಿಯುವುದಕ್ಕಿಂತ ತಳ್ಳುವುದೇ ಹೆಚ್ಚು. ಹಳ್ಳಿಗಳಿಗೆ ಹೋದರೆ ಮನೆಗಳಿಗೆ ಬೀಗ, ಇಲ್ಲವೇ ಜಗಲಿಯಲ್ಲಿ ಒಬ್ಬ ಮುದುಕಿ, ಒಂದು ಕೂಸು.

"ಎಲ್ರೂ ಹಣ್ಣು ಕುಯ್ಯಕ್ಕೆ ಹೋಗ್ಬುಟ್ಟವ್ರೆ ಕಣವ್ವ. ಹೊತ್ತು ಮುಳುಗೋ ಹೊತ್ಗೆ ಬತ್ತಾರೆ" ಎಂಬ ಉತ್ತರವೇ ಎಲ್ಲ ಕಡೆ. ಕಾಫಿ ಕೊಯ್ಲಿನ ತಿಂಗಳಲ್ಲಿ ಹಗಲು ಹೆಂಗಸರು ಮನೆಯಲ್ಲಿರುವುದಿಲ್ಲ ಎಂಬುದು ಆಫೀಸಿನಲ್ಲಿ ಕುಳಿತು ಕಾರ್ಯಕ್ರಮ ಹಾಕಿದವರಿಗೆ ಹೊಳೆದಿರಲಿಲ್ಲ. ಅದನ್ನು ಹಾಕಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಹಗಲೆಲ್ಲ ದಾರಿ ಸವೆಸಿ, ಹೊತ್ತಿಳಿದ ಮೇಲೆ ಕೆಲಸ ಮಾಡಬೇಕಾಯಿತು. ದಣಿದು ಬಂದ ಹೆಂಗಸರಿಗೆ ದಣಿದು ಬಂದ ನಾವು ಒಲೆಯ ವಿಷಯ ಹೇಳುತ್ತಿದ್ದೆವು.

ವನಗೂರಿನ ಹತ್ತಿರದ ಇಳಿಜಾರಿನಲ್ಲಿ ಅನಾಹುತವಾಯಿತು. ನಾನು ಹೆದರಿದ್ದೆಲ್ಲ ಹೊಸಬಳ ಬಗ್ಗೆ. ಅವಳು ಆ ಇಳಿಜಾರು ಕಂಡ ಕೂಡಲೇ ಇಳಿದು ಸೈಕಲ್ಲನ್ನು ಹಿಡಿದುಕೊಂಡು ನಡೆಯುತ್ತಿದ್ದಳು. ಅವಳ ಹಿಂದೆ ನಾವಿಬ್ಬರೂ ಇಳಿದೆವು. ಮುಂದೆ ಹೋಗಿದ್ದ ಉದ್ದನೆಯವಳು ನಮ್ಮ ಕಣ್ಣಿಗೇ ಕಾಣುತ್ತಿರಲಿಲ್ಲ. ತಿರುವಿನ ಆಚೆಯಿಂದ ತಗಡು ಉರುಳುವ ಸದ್ದು ಬಂತು.

ಓಡಿ ಹೋದಾಗ ಅವಳು ಚರಂಡಿಯಲ್ಲಿ ಕೂತಿದ್ದಳು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು. ಕೊಳವೆಗಳು ರಸ್ತೆಯ ತುಂಬ ಚೆಲ್ಲಿದ್ದವು. ಸೈಕಲ್ಲಿನ ಮುಂದಿನ ಫೋರ್ಕು ಬಾಗಿ ಗಾಲಿ ಒಳಕ್ಕೆ ತಿರುಗಿತ್ತು. ಕಲ್ಲುರಸ್ತೆಯ ಕುಲುಕಾಟಕ್ಕೆ ಹಿಂದಿನ ಬ್ರೇಕಿನ ಕಂಬಿಯ ನಟ್ಟು ಸಡಿಲವಾಗಿ ಎಲ್ಲೋ ಬಿದ್ದುಹೋಗಿತ್ತು. ಬೆಳಿಗ್ಗೆ ನಾವು ಗಾಳಿ ನೋಡುತ್ತಿದ್ದೆವು, ಚೈನು ನೋಡುತ್ತಿದ್ದೆವು, ನಟ್ಟು ನೋಡುತ್ತಿರಲಿಲ್ಲ.

"ಕೈ ಹೋಯ್ತು ಅಕ್ಕ" ಎಂದಳು. ಅಳಲಿಲ್ಲ. "ಸೈಕಲ್ಲೂ ಹೋಯ್ತು" ಎಂದಾಗ ಅತ್ತಳು.

ದಾದಿ ಮಣಿಕಟ್ಟನ್ನು ಮುಟ್ಟಿ ನೋಡಿ, ಮುರಿದಿದೆ ಎಂದು ನನ್ನ ಕಡೆ ಕಣ್ಣಲ್ಲೇ ಹೇಳಿದಳು. ಬೇಲಿಯಿಂದ ಬಿದಿರಿನ ದಬ್ಬೆ ಸೀಳಿ, ತನ್ನ ಹಳೆಯ ಸೀರೆಯ ಅಂಚು ಹರಿದು, ಅಲುಗದಂತೆ ಕಟ್ಟಿದಳು. ಅಷ್ಟರಲ್ಲಿ ಕೆಳಗಿನಿಂದ ಒಂದು ಜೀಪು ಏದುಸಿರು ಬಿಡುತ್ತ ಏರಿ ಬಂತು. ಪಕ್ಕದ ಎಸ್ಟೇಟಿನ ರೈಟರು, ಅಂದರೆ ತೋಟದ ಕೆಲಸದ ಉಸ್ತುವಾರಿಯವರು, ಸಕಲೇಶಪುರಕ್ಕೆ ಹೊರಟಿದ್ದರು.

"ಈ ರೋಡ್ನಾಗೆ ಜೀಪೇ ಹೆಣಗಾಡ್ತೈತೆ, ನೀವು ಸೈಕಲ್ನಾಗೆ ಬಂದೀರಲ್ಲ ಮಾರಾಯ್ತಿ!" ಎಂದು ಇಳಿದರು. ಕೈ ನೋಡಿ ಅವರ ಧ್ವನಿ ಮೆತ್ತಗಾಯಿತು. "ಹತ್ತಿ, ಎಲ್ರೂ ಹತ್ತಿ. ಆಸ್ಪತ್ರೆಗೆ ಬಿಡ್ತೀನಿ. ಸೈಕಲ್‌ನೆಲ್ಲ ಹಿಂದೆ ಕಟ್ಟಿ, ಎರಡು ಸಲಕ್ಕಾದ್ರೂ ಸಾಗಿಸ್ತೀನಿ. ಸಾಕು ಬುಡಿ ಇದು."

ಸಾಕು ಎಂದೇ ನನಗೂ ಅನ್ನಿಸಿತು. ಗಾಯವಾದವಳನ್ನು ಕಳಿಸಲೇಬೇಕು, ಜೊತೆಗೆ ದಾದಿ ಹೋಗಲೇಬೇಕು. ಉಳಿಯುವುದು ನಾನು ಮತ್ತು ಎತ್ತಿನಗಾಡಿಗೆ ಹೆದರುವ ಹೊಸಬಳು. ಅವಳಿಗೂ ಹೀಗೇ ಆದರೆ ಅವಳ ಮನೆಯವರಿಗೆ ನಾನು ಏನು ಹೇಳಲಿ? ಸೈಕಲ್ಲು ಜೀಪಿನಲ್ಲಿ ಹೋದರೂ ಒಂದೇ, ಬಸ್ಸಿನ ಮೇಲೆ ಹೋದರೂ ಒಂದೇ. ಹೋಗಲಿ, ಉಗ್ರಾಣಕ್ಕೇ ಹೋಗಲಿ ಎಂದುಕೊಂಡೆ.

ಕೊಳವೆಗಳನ್ನು ಆರಿಸಿ ಕಟ್ಟುತ್ತಿದ್ದ ಹೊಸಬಳು ತಲೆಯೆತ್ತದೆಯೇ ಕೇಳಿದಳು. "ಅಕ್ಕ, ಹೊಂಗಡಹಳ್ಳದಲ್ಲಿ ನಾಳೆ ಹೆಂಗಸ್ರು ಕಾಯ್ತಾರಲ್ವಾ?"

"ಕಾಯ್ತಾರೆ. ಏನು ಮಾಡೋಣ, ಹೇಳಿ ಕಳಿಸೋಣ."

ರೈಟರು ನಕ್ಕರು. "ಹೇಳಿ ಕಳ್ಸೋದೇನು ಬ್ಯಾಡಿ. ಅವ್ರಿಗೆ ಅಭ್ಯಾಸ ಆಗೈತೆ. ಹೋದ ವರ್ಷ ಜೀಪಲ್ಲಿ ಬಂದಿದ್ರಲ್ಲ ನಿಮ್ಮಂಗೇ ಯಾರೋ, ಜೀಪಿಂದ ಇಳೀನೇ ಇಲ್ಲ. ನಾಳೆ ಬತ್ತೀವಿ ಅಂದ್ರು, ಹೋದ್ರು."

ಹೊಸಬಳು ಗಂಟು ಬಿಗಿಯುವುದನ್ನು ನಿಲ್ಲಿಸಿದಳು. "ನಾನು ಬತ್ತೀನಿ ಅಕ್ಕ. ಬೇಗ ಹೋಗಕ್ಕಾಗಲ್ಲ. ಇಳಿಜಾರಲ್ಲೆಲ್ಲ ಇಳಿದು ನಡೀತೀನಿ. ಆದ್ರೆ ಬತ್ತೀನಿ."

ನಾನು ಕೂತು ಯೋಚಿಸಿದೆ. ಇಷ್ಟು ದಿನ ಅತಿ ಚುರುಕಿನವಳನ್ನು ಮುಂದೆ ಬಿಟ್ಟು ಮಿಕ್ಕವರು ಅವಳ ಹಿಂದೆ ಓಡುವಂತೆ ಮಾಡಿದ್ದೆ. ನಡೆಯಬೇಕಾದ ಕಡೆ ನಡೆದವರು ಈಗ ಕ್ಷೇಮವಾಗಿದ್ದರು. ನಾನು ತೀರ್ಮಾನ ಹೇಳಿದೆ. "ನೀನು ಮುಂದೆ, ನಾನು ಹಿಂದೆ. ನೀನು ಇಳಿದ ಕಡೆ ನಾನೂ ಇಳೀತೀನಿ. ನೀನು ನಿಂತರೆ ನಾನೂ ನಿಲ್ತೀನಿ."

ಉದ್ದನೆಯವಳು ಜೀಪಿನಲ್ಲಿ ಕೂತು ಹೇಳಿದಳು. "ನನ್ನ ಸೈಕಲ್ಲನ್ನ ಸಾಹೇಬರ ಅಂಗಡಿಗೆ ಹಾಕಿಸ್ತೀನಿ ಅಕ್ಕ. ಬಸ್ಸಿಗೆ ಮಾತ್ರ ಹಾಕಲ್ಲ." ದಾದಿ ಒಲೆಯ ಅಚ್ಚನ್ನು ಮತ್ತೆ ನನ್ನ ಕ್ಯಾರಿಯರಿಗೆ ಕಟ್ಟಿ, ತನ್ನ ಸೈಕಲ್ಲನ್ನು ವನಗೂರಿನ ಶಾಲೆಯಲ್ಲಿ ಬಿಡಲು ಹೇಳಿದಳು. ವಾಪಸು ಬರುವಾಗ ಹೇಗಾದರೂ ತಂದುಕೊಡಿ ಎಂದಳು. ಹೊರಡುವ ಗಡಿಬಿಡಿಯಲ್ಲಿ ಕೊಳವೆಗಳಲ್ಲೊಂದು ಉದ್ದನೆಯವಳ ಸಾಮಾನಿನ ಜೊತೆ ಜೀಪಿನಲ್ಲೇ ಹೋಗಿಬಿಟ್ಟಿತು. ಅದು ನಮಗೆ ಗೊತ್ತಾದದ್ದು ಮರುದಿನ.

ಅಲ್ಲಿಂದ ಮುಂದೆ ಹೊಸಬಳ ವೇಗವೇ ನಮ್ಮ ವೇಗ. ಆ ರಾತ್ರಿ ವನಗೂರಿನ ಶಾಲೆಯಲ್ಲೇ ತಂಗಿ, ಬೆಳಿಗ್ಗೆ ಹೊರಡುವ ಮುಂಚೆ ಇಬ್ಬರೂ ಒಂದೊಂದು ನಟ್ಟನ್ನೂ ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಿದೆವು. ದಾರಿಯಲ್ಲಿ ಏಲಕ್ಕಿ ಮೂಟೆ ಹೇರಿದ ಗಾಡಿಯೊಂದು ಇಳಿಜಾರು ಇಳಿಯುತ್ತಿತ್ತು. ಗಾಡಿಯವನು ಹಿಂದೆ ಒಂದು ಮರದ ಕೊಂಬೆಯನ್ನು ಹಗ್ಗದಲ್ಲಿ ಕಟ್ಟಿ ನೆಲಕ್ಕೆ ಎಳೆಯಲು ಬಿಟ್ಟಿದ್ದ. ಎತ್ತಿನ ಮೇಲೆ ಭಾರ ಬೀಳದೆ ಗಾಡಿ ನಿಧಾನವಾಗಿ ಇಳಿಯುತ್ತಿತ್ತು. ಹೊಸಬಳು ನಿಂತು ಅದನ್ನೇ ನೋಡಿದಳು, ನನ್ನನ್ನು ನೋಡಿದಳು. ನಾವಿಬ್ಬರೂ ಬೇಲಿಯ ಲಂಟಾನದ ಪೊದೆ ಕಡಿದು ಕಟ್ಟು ಕಟ್ಟಿ, ನೆಲಕ್ಕೆ ಎಳೆಯುವಂತೆ ಒಂದೊಂದನ್ನು ಹಗ್ಗದಲ್ಲಿ ಕ್ಯಾರಿಯರಿಗೆ ಬಿಗಿದೆವು.

ಸೈಕಲ್ ಹತ್ತಿ ಇಳಿಜಾರಿನಲ್ಲಿ ಬಿಟ್ಟರೆ ಅದು ಹಿಂದಿನಿಂದ ಯಾರೋ ಸೆರಗು ಹಿಡಿದಂತೆ ನಿಧಾನವಾಗಿ ಇಳಿಯಿತು. ಬ್ರೇಕಿಗೆ ಬೆರಳು ಇಟ್ಟರೆ ಸಾಕಾಗುತ್ತಿತ್ತು. ಆ ದಾರಿಯಲ್ಲಿ ಮೊದಲ ಸಲ ಹೊಸಬಳು ಇಳಿಜಾರಿನಲ್ಲಿ ಕೂತೇ ಇದ್ದಳು. ಹಿಂದೆ ಎದ್ದ ಕೆಂಧೂಳಿನಲ್ಲಿ ನನಗೆ ಅವಳ ಬೆನ್ನೂ ಕಾಣುತ್ತಿರಲಿಲ್ಲ, ಕೂಗು ಮಾತ್ರ ಕೇಳುತ್ತಿತ್ತು. ಹೆದರಿ ಕೂಗುತ್ತಿದ್ದಾಳೆ ಎಂದುಕೊಂಡು ಗಾಬರಿಯಾದೆ. ಹತ್ತಿರ ಹೋದರೆ ನಗುತ್ತಿದ್ದಳು.

ಹೊಂಗಡಹಳ್ಳದ ಮೊದಲ ಮನೆಯ ಮುಂದೆ ಒಬ್ಬ ಅಜ್ಜಿ ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದರು. ಸದ್ದಿಗೆ ತಿರುಗಿ, ಧೂಳಿನಿಂದ ಹೊರಬಂದ ನಮ್ಮಿಬ್ಬರನ್ನೂ ನಮ್ಮ ಹಿಂದಿನ ಲಂಟಾನವನ್ನೂ ನೋಡಿ ಸೊಂಟದ ಮೇಲೆ ಕೈ ಇಟ್ಟರು.

"ಏನ್ರವ್ವಾ, ಆಲೂರಿಂದ ರಸ್ತೆ ಗುಡಿಸ್ಕೊಂಡೇ ಬಂದ್ರಾ?"

ಅವರ ಮನೆಯಲ್ಲೇ ಒಲೆ ಕಟ್ಟುವುದೆಂದಾಯಿತು. ಮಧ್ಯಾಹ್ನ ಮಣ್ಣಿಗೆ ಭತ್ತದ ಹೊಟ್ಟು ಸೇರಿಸಿ ತುಳಿದು, ಅಚ್ಚಿಟ್ಟು ಒಲೆ ಎಬ್ಬಿಸಿ, ಹೆಂಚು ಸರಿಸಿ ಕೊಳವೆ ಏರಿಸುವಾಗ ಒಂದು ಕಡಿಮೆ ಎಂದು ಗೊತ್ತಾಯಿತು. ಇದ್ದಷ್ಟರಲ್ಲೇ ನಿಲ್ಲಿಸಿದೆವು. ಸಂಜೆ ಕೊಯ್ಲು ಮುಗಿಸಿ ಹೆಂಗಸರು ಬಂದರು. ಬೆರಳೆಲ್ಲ ಕಾಫಿ ಹಣ್ಣಿನ ಅಂಟು, ಸೊಂಟದಲ್ಲಿ ಇನ್ನೂ ಬಿಚ್ಚದ ಬುಟ್ಟಿ. ಬಾಗಿಲ ತುಂಬ ನಿಂತರು. ಬೆಂಕಿ ಹಚ್ಚಿದೆ. ಕೊಳವೆ ಗಿಡ್ಡವಾಗಿದ್ದರಿಂದ ಮಾಡಿನ ಮೇಲೆ ಬೀಸುವ ಗಾಳಿ ಹೊಗೆಯನ್ನು ಒಳಕ್ಕೇ ನೂಕಿತು. ಅಡಿಗೆಮನೆ ತುಂಬಿ, ಕೆಮ್ಮುತ್ತ ಎಲ್ಲರೂ ಹೊರಗೆ ಬಂದೆವು.

"ಹೊಗೆ ಇಲ್ದಿರೋ ಒಲೆ ಅಂತ ಇದೇನಾ?" ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಕೆಲವರು ನಕ್ಕರು, ಇಬ್ಬರು ಹೊರಟೇಬಿಟ್ಟರು.

ಹೊಸಬಳು ಅಜ್ಜಿಯನ್ನು ಸೀಮೆಎಣ್ಣೆ ಡಬ್ಬ ಇದೆಯೇ ಎಂದು ಕೇಳಿದಳು. "ಎರಡೂ ಕಡೆ ಕತ್ತರಿಸಿ ಮೇಲೆ ಸಿಕ್ಕಿಸೋಣ ಅಕ್ಕ. ಕೊಳವೆ ಉದ್ದ ಆದ್ರೆ ಸಾಕಲ್ವಾ?" ಕತ್ತಿಯಿಂದ ಡಬ್ಬದ ತಳ ಮುಚ್ಚಳ ಕೊಯ್ದು, ಸಂದಿಗೆ ಮಣ್ಣು ಮೆತ್ತಿ, ನಾನು ಏಣಿ ಹತ್ತಿ ಕೂರಿಸಿದೆ. ಚೌಕ ಡಬ್ಬ ದುಂಡು ಕೊಳವೆಯ ಮೇಲೆ ಸೊಟ್ಟಗೆ ಕೂತಿತು. ಮತ್ತೆ ಬೆಂಕಿ ಹಚ್ಚಿದಾಗ ಮೊದಲು ಸ್ವಲ್ಪ ಹೊಗೆ ತಿರುಗಿತು, ಆಮೇಲೆ ಒಲೆ ಒಂದು ಸಲ ಗುರ್ ಎಂದು ಉಸಿರೆಳೆದುಕೊಂಡಿತು. ಅಂಗಳದಿಂದ ಯಾರೋ ಕೂಗಿದರು.

"ಹೋಗ್ತೈತೆ ಕಣ್ರೇ, ಮ್ಯಾಲಿಂದ ಹೋಗ್ತೈತೆ!"

ಅಜ್ಜಿ ಒಲೆಯ ಮುಂದೆ ಕೂತರು. "ಕಣ್ಣುರಿ ಇಲ್ಲ" ಎಂದರು. ಹೊರಟುಹೋಗಿದ್ದ ಇಬ್ಬರೂ ವಾಪಸು ಬಂದಿದ್ದರು. ನಾಳೆ ನಮ್ಮನೇಲಿ, ಇಲ್ಲ ನಮ್ಮನೇಲಿ ಎಂದು ಶುರುವಾಯಿತು. ಅಂದುಕೊಂಡಿದ್ದಕ್ಕಿಂತ ಹೆಚ್ಚು ದಿನ ಅಲ್ಲಿ ಉಳಿದೆವು. ಓಡಿ ಹಿಡಿಯಬೇಕಾದ ಬಸ್ಸೇ ಇರಲಿಲ್ಲ.

ಕೊನೆಯ ಸಂಜೆ ಕೊಯ್ಲಿನ ಹೆಂಗಸೊಬ್ಬಳು ಜಗಲಿಗೆ ಒರಗಿಸಿದ್ದ ಸೈಕಲ್ಲಿನ ಸೀಟನ್ನು ಸವರುತ್ತಾ ಹೊಸಬಳನ್ನು ಕೇಳಿದಳು. "ಇದ ಕಲಿಯಕ್ಕೆ ಎಷ್ಟು ವರ್ಸ ಬೇಕಾತವ್ವ?"

"ಎರಡು ತಿಂಗಳು."

"ಸುಳ್ಳು."

"ದೇವ್ರಾಣೆ. ಬಾ, ಕೂತ್ಕೋ."

ಶಾಲೆಯ ಮುಂದಿನ ಬಯಲಿನಲ್ಲಿ ಹೊಸಬಳು ಸೀಟು ಹಿಡಿದು ಹಿಂದೆ ಓಡಿದಳು. ಆ ಹೆಂಗಸು ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಆಮೇಲೆ ಸರದಿ ಹಚ್ಚಿ ಎಲ್ಲರೂ ಹತ್ತಿದರು. ಗಂಡಸರು ದೂರದಲ್ಲಿ ನಿಂತು ಏನೇನೋ ಹೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವಾಪಸು ಬರುವಾಗ ವನಗೂರಿನಿಂದ ದಾದಿಯ ಸೈಕಲ್ಲನ್ನೂ ತರಬೇಕಿತ್ತು. ಏರಿನಲ್ಲಿ ಸರದಿಯ ಮೇಲೆ ತಳ್ಳಿ, ಸಮ ರಸ್ತೆಯಲ್ಲಿ ನಾನು ಒಂದು ಕೈಯಲ್ಲಿ ನನ್ನದನ್ನೂ ಇನ್ನೊಂದು ಕೈಯಲ್ಲಿ ಅದನ್ನೂ ಹಿಡಿದು ತುಳಿದೆ. ಕಲಿಯುವಷ್ಟರಲ್ಲಿ ಎರಡು ಸಲ ಚರಂಡಿ ಸೇರಿದೆ. ಸಕಲೇಶಪುರದಲ್ಲಿ ಉದ್ದನೆಯವಳು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಸಾಹೇಬರ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ದಾದಿಯೂ ಇದ್ದಳು. ಸಾಹೇಬರು ಹಳೆ ಸೈಕಲ್ಲೊಂದರ ಫೋರ್ಕು ಬಿಚ್ಚಿ ಅವಳದಕ್ಕೆ ಹಾಕಿ, ಗಾಲಿಯ ಸೊಟ್ಟು ತೆಗೆದಿದ್ದರು.

"ಬಣ್ಣ ಬೇರೆ ಆಯ್ತು, ಬೇಜಾರು ಮಾಡ್ಕೋಬೇಡಿ. ಗಟ್ಟಿ ಐತೆ" ಎಂದರು.

ಅವಳು ಬಸ್ಸಿನಲ್ಲಿ ಹೋಗಲಿ, ಸೈಕಲ್ಲನ್ನು ನಾವು ತರುತ್ತೇವೆ ಎಂದೆ. ಅವಳು ಒಪ್ಪಲಿಲ್ಲ. ಕೊನೆಗೆ ಅವಳನ್ನು ದಾದಿ ತನ್ನ ಕ್ಯಾರಿಯರ್ ಮೇಲೆ ಹಾಸಿಗೆ ಮಡಿಸಿ ಕೂರಿಸಿಕೊಂಡಳು. ಆ ನಿಧಾನದ ದಾದಿಯ ಕಾಲಲ್ಲಿ ಎಷ್ಟು ಶಕ್ತಿಯಿತ್ತೆಂದು ನಮಗೆ ಅವತ್ತು ತಿಳಿಯಿತು. ಏರು ಬಂದರೆ ಎಲ್ಲರೂ ಇಳಿಯುತ್ತಿದ್ದೆವು, ಉದ್ದನೆಯವಳು ಪ್ಲಾಸ್ಟರಿಲ್ಲದ ಕೈಯಿಂದ ಹಿಂದಿನಿಂದ ತಳ್ಳುತ್ತಿದ್ದಳು. ನಾಲ್ಕನೆಯ ಸೈಕಲ್ಲನ್ನು ನಾನು ಪಕ್ಕದಲ್ಲಿ ಹಿಡಿದಿದ್ದೆ. ಹೊಸಬಳು ಮುಂದೆ ಹೋಗುತ್ತಾ, ಲಾರಿ ಬಂದಾಗ ಕೈ ಎತ್ತಿ ನಿಧಾನ ಮಾಡಿಸುತ್ತಿದ್ದಳು. ದಾರಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಆಲೂರು ಸೇರಿದೆವು.

ಅಧಿಕಾರಿಗಳು ಆಫೀಸಿನ ಮೆಟ್ಟಿಲಿಳಿದು ಬಂದರು. ಪ್ಲಾಸ್ಟರ್ ಕೈ ನೋಡಿದರು, ಬೇರೆ ಬಣ್ಣದ ಫೋರ್ಕು ನೋಡಿದರು. ಮೊದಲು ಕೇಳಿದ್ದು ನೋವಿದೆಯೇ ಎಂದು. ಆಮೇಲೆ ಆಳನ್ನು ಕರೆದು, ಸೈಕಲ್ಲುಗಳನ್ನು ಉಗ್ರಾಣದಲ್ಲಿ ಇಡಬೇಡ, ಅವರವರ ಮನೆಗೇ ತೆಗೆದುಕೊಂಡು ಹೋಗಲಿ ಎಂದರು.

ಮುಂದಿನ ವಾರ ಹಳ್ಳಿಗಳನ್ನು ಹಂಚುವ ಸಭೆ ನಡೆಯಿತು. ಆಲೂರಿನ ಸುತ್ತಲಿನ ಊರುಗಳನ್ನು ಹಂಚಿ ಮುಗಿಯಿತು. ಬೆಟ್ಟದ ಕಡೆಯ ಊರುಗಳು ಬಂದಾಗ ಅಧಿಕಾರಿಗಳು ಕನ್ನಡಕ ತೆಗೆದರು. "ಹೊಂಗಡಹಳ್ಳದ ಕಡೆ ಗಂಡಸರನ್ನೇ ಯಾರನ್ನಾದರೂ ಹಾಕೋಣ" ಎಂದರು.

ಹೊಸಬಳು ಎದ್ದು ನಿಂತಳು. "ನಾನು ಹೋಗ್ತೀನಿ ಸರ್."

"ಹೋಗಿ ಬರೋದಲ್ಲಮ್ಮ, ಅಲ್ಲೇ ಇರಬೇಕು. ಒಬ್ಬಳೇ ಹೇಗೆ ಇರ್ತೀಯ?"

"ಒಬ್ಬಳೇ ಯಾಕ್ ಸರ್? ಅಲ್ಲಿ ಅಷ್ಟು ಜನ ಹೆಂಗಸ್ರು ಇದಾರಲ್ಲ."

ಅವರು ಕನ್ನಡಕ ಹಾಕಿಕೊಂಡು ಹೊಂಗಡಹಳ್ಳದ ಮುಂದೆ ಅವಳ ಹೆಸರು ಬರೆದರು. ಆಮೇಲೆ ಮುಂದಿನ ಊರಿನ ಹೆಸರು ಓದಿದರು.